ಎರಡನೇ ಗ್ರಾಫ್‌ನಲ್ಲಿ ಹಿರಿಯೂರು ಕಿತ್ತಳೆ ಆಗಿದ್ದು ಹೇಗೆ

ಹಿರಿಯೂರು ಹತ್ತಿರದ ಒಂದು ಹಳ್ಳಿಯಲ್ಲಿ ರೈತರಿಗೆ ಮಳೆ ಲೆಕ್ಕ ತೋರಿಸುತ್ತಿದ್ದೆ. ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕಿಗೆ ಆರು ಗೆರೆ. ಹಿಂದಿನ ರಾತ್ರಿ ದಾವಣಗೆರೆಯ ಮನೆಯಲ್ಲಿ ಕೂತು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿಯಲ್ಲಿ ಮಾಡಿದ್ದು. ಎರಡನೇ ಗ್ರಾಫ್ ಪರದೆಗೆ ಬಂದ ಕೂಡಲೇ ಹಿಂದೆ ಕೂತಿದ್ದ ಅಜ್ಜ ಒಬ್ಬರು ಕೇಳಿದರು: "ಅಲ್ಲ ಸಾರ್, ಈಗಿನ್ನೂ ಹಿರಿಯೂರು ಹಸಿರಿತ್ತು. ಇದರಾಗೆ ಕಿತ್ತಳೆ ಆಗೈತಲ್ಲ?"

ನಾನು ಗಮನಿಸಿಯೇ ಇರಲಿಲ್ಲ. ಮನೆಗೆ ಬಂದು ನೋಡಿದರೆ ಕಾರಣ ಸರಳ. ನಾವು ಬಣ್ಣ ಹೇಳದಿದ್ದರೆ ಮ್ಯಾಟ್‌ಪ್ಲಾಟ್‌ಲಿಬ್ ಸಾಲಾಗಿ ಹಂಚುತ್ತಾ ಹೋಗುತ್ತದೆ: ನೀಲಿ, ಕಿತ್ತಳೆ, ಹಸಿರು, ಕೆಂಪು, ನೇರಳೆ, ಕಂದು. ಅದಕ್ಕೆ ಊರು ಗೊತ್ತಿಲ್ಲ, ಸರದಿ ಮಾತ್ರ ಗೊತ್ತು. ನನ್ನ ಕಾಲಂಗಳು ಇಂಗ್ಲಿಷ್ ಅಕ್ಷರಕ್ರಮದಲ್ಲಿದ್ದವು. ಚಳ್ಳಕೆರೆ ನೀಲಿ, ಚಿತ್ರದುರ್ಗ ಕಿತ್ತಳೆ, ಹಿರಿಯೂರು ಹಸಿರು. ಎರಡನೇ ಗ್ರಾಫ್‌ನಲ್ಲಿ ಕೆಲವು ತಿಂಗಳು ಖಾಲಿ ಇವೆ ಅಂತ ಚಳ್ಳಕೆರೆಯನ್ನು ಕೈಬಿಟ್ಟಿದ್ದೆ. ಉಳಿದವರೆಲ್ಲ ರೇಷನ್ ಕ್ಯೂನಲ್ಲಿ ನಿಂತ ಹಾಗೆ ಒಂದೊಂದು ಹೆಜ್ಜೆ ಮುಂದೆ ಬಂದಿದ್ದರು!

ಅವತ್ತೇ ಪೈಥಾನ್‌ನಲ್ಲಿ ಒಂದು ಡಿಕ್ಷನರಿ, ಅಂದರೆ ಜೋಡಿಪಟ್ಟಿ, ಬರೆದೆ. ಎಡಕ್ಕೆ ತಾಲ್ಲೂಕಿನ ಹೆಸರು, ಬಲಕ್ಕೆ ಅದರ ಬಣ್ಣ. ಗೆರೆ ಎಳೆಯುವಾಗಲೆಲ್ಲ ಬಣ್ಣ ಅಲ್ಲಿಂದಲೇ ಬರಬೇಕು. ಅದನ್ನು ಬೇರೆ ಫೈಲಿನಲ್ಲಿಟ್ಟು ಎಲ್ಲ ಪ್ರೋಗ್ರಾಂಗಳಿಂದ ಇಂಪೋರ್ಟ್ ಮಾಡಿಕೊಳ್ಳುತ್ತೇನೆ.

ಆದರೆ ಯಾವ ಬಣ್ಣ ಕೊಡೋದು? ಮೊದಲು ಇದ್ದವನ್ನೇ ಇಟ್ಟಿದ್ದೆ. ಪಿ.ಜೆ. ಬಡಾವಣೆಯಲ್ಲಿ ಜೆರಾಕ್ಸ್ ತೆಗೆಸಿದಾಗ ನೀಲಿ, ಕೆಂಪು, ನೇರಳೆ ಮೂರೂ ಒಂದೇ ಬೂದಿ ಬಣ್ಣ. ಬಣ್ಣ ಬೇರೆ ಇದ್ದರೂ ತಿಳಿ-ಗಾಢ ಒಂದೇ ಮಟ್ಟದಲ್ಲಿತ್ತು, ಅದಕ್ಕೆ. ಕೆಂಪು-ಹಸಿರು ವ್ಯತ್ಯಾಸ ಕಾಣದವರ ಕಷ್ಟ ಬೇರೆ. ಅವರಿಗೂ ಕಾಣಲಿ ಅಂತ ಜಪಾನಿನ ಒಕಾಬೆ ಮತ್ತು ಇಟೊ ಕಪ್ಪೂ ಸೇರಿ ಎಂಟು ಬಣ್ಣ ಆರಿಸಿಟ್ಟಿದ್ದಾರೆ. ಅದರ ಕಿತ್ತಳೆಯಲ್ಲಿ ಕೆಂಪು, ಹಸಿರು, ನೀಲಿಯ ಪ್ರಮಾಣ 255ಕ್ಕೆ 230, 159, 0. ನಾನು ಹಾಗೇ ಟೈಪ್ ಮಾಡಿದೆ, ಎರರ್ ಬಂತು. ಮ್ಯಾಟ್‌ಪ್ಲಾಟ್‌ಲಿಬ್‌ಗೆ ಈ ಅಂಕಿಗಳು 0ಯಿಂದ 1ರ ಒಳಗೇ ಬೇಕು. ಮೂರನ್ನೂ 255ರಿಂದ ಭಾಗಿಸಿ ಕೊಟ್ಟ ಮೇಲೆ ಸುಮ್ಮನಾಯಿತು.

ಇಷ್ಟಾದರೂ ಜೆರಾಕ್ಸ್ ಪೂರ್ತಿ ಸರಿಹೋಗಲಿಲ್ಲ. ಆರು ಗೆರೆ ಹೆಣೆದುಕೊಂಡರೆ ಯಾವ ಬಣ್ಣವಾದರೂ ಅಷ್ಟೆ. ಆಗ ಹೊಳೆಯಿತು: ಹಿರಿಯೂರಿನವರು ನೋಡೋದು ಹಿರಿಯೂರನ್ನೇ ಅಲ್ವಾ? ಅದಕ್ಕೆ ಮಾತ್ರ ಗಾಢ ನೀಲಿ, ದಪ್ಪ 2.5. ಉಳಿದ ಐದಕ್ಕೂ ತಿಳಿ ಬೂದಿ, ದಪ್ಪ 1. ಯಾವ ಬಣ್ಣ ಯಾವ ಊರು ಅಂತ ಹೇಳುವ ಮೂಲೆಯ ಲೆಜೆಂಡ್ ತೆಗೆದು ಪ್ರತಿ ಗೆರೆಯ ತುದಿಯಲ್ಲೇ ಹೆಸರು ಬರೆದೆ. ಹೊಳಲ್ಕೆರೆಗೆ ಹೋದಾಗ ಒಂದೇ ಒಂದು ಹೆಸರು ಬದಲಿಸಿದೆ, ಹೊಳಲ್ಕೆರೆ ಎದ್ದು ಕಂಡಿತು. ಇಷ್ಟು ದಿನ ಬಣ್ಣ ಜಾಸ್ತಿ ಮಾಡಿ ಕೆಡಿಸಿದ್ದೆ.

ನಕ್ಷೆಯ ವಿಷಯ ಬೇರೆ. ವಾಡಿಕೆ ಮಳೆಗಿಂತ ಶೇಕಡಾ ಎಷ್ಟು ಹೆಚ್ಚು-ಕಡಿಮೆ ಅಂತ ತೋರಿಸಲು ಹಳೆಯ 'ಜೆಟ್' ಬಣ್ಣಪಟ್ಟಿ ಬಳಸುತ್ತಿದ್ದೆ. ಮಧ್ಯದಲ್ಲಿ ಹಳದಿ-ಹಸಿರು ಝಗಮಗ ಅಂತದೆ, ಏನೂ ವಿಶೇಷ ಇಲ್ಲದ ಕಡೆಗೇ ಕಣ್ಣು ಹೋಗುತ್ತದೆ. 2017ರಲ್ಲಿ ಬಂದ 2.0 ಆವೃತ್ತಿಯಿಂದ ಮ್ಯಾಟ್‌ಪ್ಲಾಟ್‌ಲಿಬ್ ಕೂಡ ತಾನಾಗಿ ಕೊಡುವ ಬಣ್ಣಪಟ್ಟಿಯಾಗಿ ಜೆಟ್ ಬಿಟ್ಟು 'ವಿರಿಡಿಸ್' ಹಿಡಿದಿದೆ. ನಾನು ಮಾತ್ರ ಹವಾಮಾನ ಇಲಾಖೆಯ ಗಡಿಗಳನ್ನೇ ತಗೊಂಡೆ. 19ರೊಳಗಿನ ಏರುಪೇರು ವಾಡಿಕೆ, ಅದಕ್ಕೆ ಬಿಳಿ. 20ರಿಂದ 59ರವರೆಗಿನ ಕೊರತೆಗೆ ತಿಳಿ ಕಂದು, 60 ಮುಟ್ಟಿದರೆ ಗಾಢ ಕಂದು. ಹೆಚ್ಚಾದ ಕಡೆ ಇದೇ ಲೆಕ್ಕದಲ್ಲಿ ನೀಲಿ.

ಡಿಕ್ಷನರಿ ಆಮೇಲೆ ಒಂದು ಸಲ ಕೈಕೊಟ್ಟಿತು. ಮೊಳಕಾಲ್ಮೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ ನನ್ನ ಎರಡು ಫೈಲುಗಳಲ್ಲಿ ಎರಡು ಥರ ಇತ್ತು. ಹೆಸರು ಡಿಕ್ಷನರಿಯಲ್ಲಿ ಸಿಗದೆ ಪ್ರೋಗ್ರಾಂ ಅಲ್ಲೇ ನಿಂತುಬಿಟ್ಟಿತು. ಬೈದುಕೊಂಡು ಎರಡು ಸ್ಪೆಲ್ಲಿಂಗನ್ನೂ ಡಿಕ್ಷನರಿಗೆ ಸೇರಿಸಿದೆ, ಒಂದೇ ಬಣ್ಣ ಕೊಟ್ಟು.