ಗಂಟು ಬಿಚ್ಚಿದ ಮೇಲೆ ಸಿಕ್ಕ ಕೆಂಬೇರಿ

ಮೂರು ವರ್ಷ ಎಲ್ಲರ ಬಾಯಲ್ಲಿ ನಗೆಪಾಟಲಾದವನು ನಾನು. ಅದಕ್ಕೇ ಈ ಸಲ ಸ್ವಲ್ಪ ಜಂಬದಿಂದಲೇ ಬರೆಯುತ್ತೇನೆ, ಸಹಿಸಿಕೊಳ್ಳಿ. ಹೋದ ಡಿಸೆಂಬರ್‌ನಿಂದ ಮೇ ತನಕ ಕುಂದಾಪುರದ ಪಂಚಗಂಗಾವಳಿ ಹೊಳೆಯಲ್ಲಿ ಕಯಾಕ್ (ಒಬ್ಬನೇ ಹುಟ್ಟು ಹಾಕುವ ಸಣ್ಣ ದೋಣಿ) ಮೇಲೆ ಕೂತು ಹಿಡಿದ ದೊಡ್ಡ ಮೀನು ಒಟ್ಟು 23 ಇರಬೇಕು. 15ರಷ್ಟು ಕೆಂಬೇರಿ (ರೆಡ್ ಸ್ನ್ಯಾಪರ್), ಉಳಿದದ್ದು ಕುರುಡಿ (ಸೀಬಾಸ್). ಎಲ್ಲವೂ ಒಂದೂವರೆ ಕಿಲೋ ಮೇಲಿನವು. ಬರೆದಿಟ್ಟ ಪುಸ್ತಕ ಮಳೆಗೆ ನೆನೆದು ಹೋಯಿತು, ಒಂದೆರಡು ಆಚೀಚೆ ಇರಬಹುದು.

ನಮ್ಮ ಪಕ್ಕದ ಮನೆ ಮಾಮ ಪಾತಿ ದೋಣಿಯಲ್ಲಿ ಬಲೆ ಬಿಡುವವರು. ಮೊದಲ ದಿನವೇ ನನ್ನ ಕಯಾಕ್ ನೋಡಿ, "ಹ್ವಾಯ್, ಅದ್ ಮಕ್ಕಳ್ ಆಡು ಸಾಮಾನ್. ಅದ್ರಗೆ ಕೂಕಂಡ್ ಮೀನ್ ಹಿಡುಕ್ ಆತ್ತಾ?" ಅಂದಿದ್ದರು. ಸೇತುವೆ ಮೇಲಿಂದ ಗಾಳ ಹಾಕುವ ನಮ್ಮ ಗೆಳೆಯರದ್ದೂ ಅದೇ ಮಾತು. ಅವರು ಹೇಳಿದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಮೊದಲ ವರ್ಷ 40 ಸಲ ಇಳಿದಿರಬಹುದು. ಹೇಳಿಕೊಳ್ಳುವಂಥ ಮೀನು ಸಿಕ್ಕಿದ್ದು ನಾಲ್ಕು.

ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಶುರುವಿಗೆ ಕೊಂಡದ್ದು ಗಾಳಿ ತುಂಬುವ ಕಯಾಕ್. ಹಳೆಯದು, 14 ಸಾವಿರ. ಮಡಚಿ ಸ್ಕೂಟರ್ ಮೇಲೆ ಇಟ್ಟುಕೊಂಡು ಹೋಗಬಹುದು ಅಂತ ಖುಷಿಯೋ ಖುಷಿ. ನಮ್ಮ ಹೊಳೆಯಲ್ಲಿ ಕಲ್ಲಿಗೆ ಅಂಟಿದ ಮುರು (ಸಿಂಪಿ) ಇದೆ ಅನ್ನುವುದನ್ನೇ ಮರೆತಿದ್ದೆ. ಇಳಿತದಲ್ಲಿ ಕಲ್ಲಿಗೆ ಒರಗಿದ್ದೇ ತಡ, ಮುರುವಿನ ಚಿಪ್ಪು ಬ್ಲೇಡಿನ ಹಾಗೆ ಕೊಯ್ದುಬಿಟ್ಟಿತು. ಒಂದು ಬದಿಯ ಗಾಳಿ ಪೂರಾ ಹೋಯಿತು. ಅರ್ಧ ಮುಳುಗಿದ ಚೀಲ ಎಳೆದುಕೊಂಡು, ಸೊಂಟದ ತನಕ ಕೆಸರಲ್ಲಿ ದಡ ಸೇರಿದೆ. ಪ್ಯಾಚ್ ಹಾಕಿದೆ, ಇನ್ನೊಂದು ಕಡೆ ಹರಿಯಿತು. ಈಗ ಅದು ಮಗಳಿಗೆ ಈಜು ಕಲಿಯುವ ಸಾಮಾನು.

ಆಮೇಲೆ ಒಂದು ರೆಸಾರ್ಟ್‌ನವರು ಮಾರುತ್ತಿದ್ದ ಗಟ್ಟಿ ಪ್ಲಾಸ್ಟಿಕ್‌ನ ಹತ್ತಡಿ ಕಯಾಕ್ ತಂದೆ. ಮೇಲೆ ಕೂರುವಂಥದ್ದು. 28 ಹೇಳಿದರು, 25ಕ್ಕೆ ಕೊಟ್ಟರು. ತೂಕ 27 ಕಿಲೋ ಇರಬೇಕು, ನೀರಿನ ತನಕ ಎಳೆಯುವಾಗ ಮಾತ್ರ 50 ಅನ್ನಿಸುತ್ತದೆ. ರಾಡ್ ನಿಲ್ಲಿಸಲು ಪಿವಿಸಿ ಪೈಪ್, ಹಿಂದೆ ಹಾಲಿನ ಕ್ರೇಟ್, ಐಸಿಗೆ ಮೀನು ಮಾರ್ಕೆಟ್ಟಿನ ಥರ್ಮಾಕೋಲ್ ಪೆಟ್ಟಿಗೆ. ಇದೆಲ್ಲ ಸೇರಿ 900 ರೂಪಾಯಿಯೂ ಆಗಲಿಲ್ಲ. ಲೈಫ್ ಜಾಕೆಟ್ಟಿಗೆ ಮಾತ್ರ ಚೌಕಾಸಿ ಮಾಡಲಿಲ್ಲ. ರಾಡ್, ರೀಲ್ ನಿಮ್ಮ ನಿಮ್ಮ ಇಷ್ಟ. ನನ್ನದು 20 ಪೌಂಡ್ ಬ್ರೇಡ್ (ಹೆಣೆದ ದಾರ), 50 ಪೌಂಡ್ ಲೀಡರ್ (ಗಾಳದ ಹತ್ತಿರ ಕಟ್ಟುವ ದಪ್ಪ ದಾರ). 30ರ ಲೀಡರ್ ಹಾಕಿ ಎರಡು ಕುರುಡಿ ಕಳೆದುಕೊಂಡೆ. ಅದರ ಕಿವಿರಿನ ಮುಚ್ಚಳ ಎಷ್ಟು ಹರಿತ ಅಂತ ನಿಮಗೆ ಗೊತ್ತೇ ಇದೆ.

ಸಾಮಾನು ಸರಿಯಾದರೂ ಮೀನು ಮೇಲೆ ಬರಲಿಲ್ಲ. ಕಚ್ಚುತ್ತಿತ್ತು, ಹೋಗುತ್ತಿತ್ತು. ಕೆಂಬೇರಿ ಇರುವುದು ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಸಂದಿಯಲ್ಲಿ. ಗಾಳ ತಾಗಿದ ಕ್ಷಣ ಅದಕ್ಕೆ ಒಂದೇ ಯೋಚನೆ, ವಾಪಸ್ ಬೇರಿನೊಳಗೆ ನುಗ್ಗಬೇಕು. ದಡದ ಮೇಲೆ ನಿಂತವನಾದರೆ ಕಾಲೂರಿ ಎಳೆಯುತ್ತಾನೆ. ಕಯಾಕ್‌ನಲ್ಲಿ ಊರುವುದಕ್ಕೆ ಏನಿದೆ? ಡ್ರ್ಯಾಗ್ (ರೀಲಿನ ಬ್ರೇಕ್) ಬಿಗಿ ಮಾಡಿದರೆ ಮೀನು ನಿಲ್ಲುವುದಿಲ್ಲ, ನಾನೇ ಅದರ ಹಿಂದೆ ಹೋಗುತ್ತೇನೆ. ಎರಡು ಕಿಲೋ ಮೀನು ನನ್ನನ್ನು ದೋಣಿ ಸಮೇತ ಗಿಡದೊಳಗೆ ಎಳೆದುಕೊಂಡು ಹೋಗಿ ಮುಖಕ್ಕೆ ಕೊಂಬೆ ಹೊಡೆಸಿದ್ದೂ ಇದೆ.

ಲಂಗರು ಹಾಕಿ ನೋಡಿದೆ. ಒಂದೂವರೆ ಕಿಲೋದ ಮಡಚುವ ಲಂಗರು, 1,200 ರೂಪಾಯಿ. ಹಗ್ಗವನ್ನು ಪಕ್ಕದ ಹಿಡಿಗೆ ಕಟ್ಟಿದ್ದು ನನ್ನ ಪೆದ್ದುತನ. ಹುಣ್ಣಿಮೆಯ ಮರುದಿನ, ಇಳಿತದ ಸೆಳೆತ ಜೋರಾಗಿತ್ತು. ನೀರು ಪಕ್ಕೆಗೆ ಒತ್ತಿದ್ದೇ ಕಯಾಕ್ ಓರೆಯಾಯಿತು, ಅಂಚಿನ ಮೇಲೆ ನೀರು ಹತ್ತಿತು. ಚಾಕು ಕೈಗೆಟುಕುವ ಹಾಗೆ ಇಟ್ಟಿದ್ದೆ, ಬಚಾವ್. ಹಗ್ಗ ಕೊಯ್ದೆ. ಲಂಗರು ಇವತ್ತಿಗೂ ಅಲ್ಲೇ ಇದೆ. ಯಾರಿಗಾದರೂ ಸಿಕ್ಕರೆ ಇಟ್ಟುಕೊಳ್ಳಿ.

ಆಮೇಲೆ ಬಿದಿರಿನ ಗಳಕ್ಕೆ ಬಂದೆ. ಎಂಟಡಿ ಗಳ, ತುದಿ ಚೂಪು. ಮೊಣಕಾಲುದ್ದ ನೀರಲ್ಲಿ ಕೆಸರಿಗೆ ಚುಚ್ಚಿ, ಕಯಾಕ್‌ನ ಹಿಂದಿನ ತುದಿಯನ್ನು ಅದಕ್ಕೆ ಕಟ್ಟಿ ಕೂರುವುದು. ಸದ್ದಿಲ್ಲ, ಖರ್ಚಿಲ್ಲ. ಮೀನು ಕಚ್ಚುವುದು ಜಾಸ್ತಿಯಾಯಿತು. ಬೇರಿಗೆ ನುಗ್ಗುವುದು ಮಾತ್ರ ನಿಲ್ಲಲಿಲ್ಲ.

ದಾರಿ ಕಂಡದ್ದು ನನ್ನ ಬುದ್ಧಿಯಿಂದಲ್ಲ, ಸಡಿಲ ಗಂಟಿನಿಂದ. ಫೆಬ್ರವರಿ ಇರಬೇಕು, ಬೆಳಗಿನ ಆರೂವರೆ. ಕಾಂಡ್ಲಾ ನಡುವಿನಿಂದ ಒಂದು ತೋಡು ಹೊಳೆಗೆ ಬಂದು ಸೇರುವ ಬಾಯಿ. ಇಳಿತದ ನೀರು ಒಳಗಿಂದ ಚಹಾ ಬಣ್ಣದಲ್ಲಿ ಹೊರಗೆ ಹರಿಯುತ್ತಿತ್ತು. ಜೀವಂತ ಸಿಗಡಿ ಹಾಕಿದ್ದೆ. ರಾಡ್ ಬಗ್ಗಿತು. ಅದೇ ಹೊತ್ತಿಗೆ ಹಿಂದೆ ಏನೋ ಸರ್ರನೆ ಜಾರಿದ ಸದ್ದು. ತಿರುಗಿ ನೋಡಿದರೆ ಗಳ ಒಂದು ಕಡೆ, ನಾನು ಒಂದು ಕಡೆ. ಮುಗಿಯಿತು ಅಂದುಕೊಂಡೆ. ಆದರೆ ತೋಡಿನ ನೀರು ಕಯಾಕನ್ನು ಹೊಳೆಯ ನಡುವಿಗೆ ತಳ್ಳುತ್ತಿತ್ತು. ನಾನು, ಕಯಾಕ್, ಸಾಮಾನು ಸೇರಿ 110 ಕಿಲೋ ಭಾರ ನೀರಿನ ಜತೆ ಹೋಗುವಾಗ ಮೂರು ಕಿಲೋ ಮೀನು ಎಲ್ಲಿ ತಡೆದೀತು? ರೀಲ್ ಒಂದು ಸುತ್ತೂ ಸುತ್ತಲಿಲ್ಲ ನಾನು. ಸುಮ್ನೆ ರಾಡ್ ಹಿಡಿದು ಕೂತಿದ್ದೆ. ಕೆಂಬೇರಿ ತಾನಾಗಿ ಬೇರು ಬಿಟ್ಟು ಬಯಲು ನೀರಿಗೆ ಬಂತು. ಅಲ್ಲಿ ಬಂದ ಮೇಲೆ ಅದು ಎಷ್ಟು ಹಾರಾಡಿದರೂ ಐದು ನಿಮಿಷದ ಆಟ. ತೂಗಿದಾಗ 3 ಕಿಲೋ 200.

ಅಲ್ಲಿಂದ ಮುಂದೆ ಬೇಕಂತಲೇ ಬಿಚ್ಚತೊಡಗಿದೆ. ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು, ಅದರ ತುದಿ ಎಡ ತೊಡೆಯ ಪಕ್ಕ. ಮೀನು ಕಚ್ಚಿತೋ, ಬಲಗೈಯಲ್ಲಿ ರಾಡ್, ಎಡಗೈಯಲ್ಲಿ ಹಗ್ಗ ಎಳಿ. ಗಳ ಅಲ್ಲೇ ನಿಂತಿರುತ್ತದೆ, ಆಮೇಲೆ ಹುಟ್ಟು ಹಾಕಿಕೊಂಡು ಬಂದು ಮತ್ತೆ ಕಟ್ಟಿದರಾಯಿತು. ಕಯಾಕ್ ನಿಲ್ಲಿಸುವ ಜಾಗ ಮಾತ್ರ ತೋಡಿನ ಹರಿವು ತಾಗುವ ಗೆರೆಯಲ್ಲೇ ಇರಬೇಕು. ಎರಡು ಮಾರು ಪಕ್ಕಕ್ಕೆ ಹೋದರೆ ನಿಂತ ನೀರು, ಬಿಚ್ಚಿದರೂ ಕಯಾಕ್ ಅಲ್ಲೇ ತೂಗುತ್ತದೆ. ನೀರಿನ ಮೇಲೆ ಹೋಗುವ ಎಲೆ, ಕಸ ನೋಡಿ ಗೆರೆ ಹಿಡಿಯುತ್ತೇನೆ.

ಹೊತ್ತು ಅಂದರೆ ಇಳಿತ ಶುರುವಾಗಿ ಒಂದೂವರೆ ಗಂಟೆ ಆದ ಮೇಲೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಮೂರು ದಿನ ಚಿನ್ನದಂಥವು. ಅಷ್ಟಮಿ, ನವಮಿಗೆ ನೀರಿಗೆ ಎಳೆತವೇ ಇಲ್ಲ, ಮನೆಯಲ್ಲಿ ಮಲಗಿ. ಈ ಮಾತು ಮಾಮನದ್ದು, ಬಲೆಯವರಿಗೆಲ್ಲ ಗೊತ್ತಿರುವುದು. ಉಬ್ಬರದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗೂ ಮೇಲೆ ಮುಂದೆ ಹೋಗುತ್ತದಲ್ಲ, ಹಾಗಾಗಿ ಬೆಳಗಿನ ಇಳಿತ ಯಾವ ವಾರ ಅಂತ ಮೊದಲೇ ನೋಡಿಕೊಂಡು ಆಫೀಸಿಗೆ ರಜೆ ಹಾಕುತ್ತೇನೆ. ಯಾವ ತೋಡು ಅಂತ ಕೇಳಬೇಡಿ. ಸಿಗಡಿಯನ್ನು ಗಾಳಕ್ಕೆ ಸಿಕ್ಕಿಸುವ ಮೊದಲು ಅದಕ್ಕೆ ನಾನು ಮಾಡುವ ಒಂದು ಸಣ್ಣ ಕೆಲಸವನ್ನೂ ಹೇಳುವುದಿಲ್ಲ. ಮಾಮನಿಗೂ ಹೇಳಿಲ್ಲ.

ನಡುವೆ ಹುಚ್ಚು ಪ್ರಯೋಗಗಳೂ ನಡೆದವು. ಜೀವಂತ ಚಟ್ಲಿ (ಸಿಗಡಿ) ಒಂದಕ್ಕೆ ಐದಾರು ರೂಪಾಯಿ ಬೀಳುತ್ತದೆ ಅಂತ ಕೋಳಿ ಲಿವರ್ ಹಾಕಿದೆ. ಒಂದೇ ಬೆಳಿಗ್ಗೆ ಒಂಬತ್ತು ತೇಡೆ (ಮುಳ್ಳಿನ ಕ್ಯಾಟ್‌ಫಿಶ್). ಒಂದರ ಮುಳ್ಳು ಹೆಬ್ಬೆರಳಿಗೆ ಹೊಕ್ಕಿತು. ಮನೆಗೆ ಬಂದು ತಡೆಯುವಷ್ಟು ಬಿಸಿ ನೀರಲ್ಲಿ ಗಂಟೆ ಹೊತ್ತು ಕೈ ಅದ್ದಿ ಕೂತೆ, ನೋವು ಇಳಿಯಿತು. ಇನ್ನೊಮ್ಮೆ ಕೊಕ್ಕರ್ ಮೀನಿನ ಆಸೆಗೆ ಕೋಡಿ ಕಡಲಿಗೆ ಇಳಿದೆ. ಹೋಗುವಾಗ ಅಲೆ ದಾಟಿದ್ದು ಸುಲಭ. ವಾಪಸ್ ಬರುವಾಗ ಹಿಂದಿನ ಅಲೆ ಎತ್ತಿ ಮಗುಚಿ ಹಾಕಿತು. 4,500ರ ರಾಡು, ಫೋನು ಎರಡೂ ಗಂಗಾರ್ಪಣೆ. ಅವತ್ತಿನಿಂದ ಪ್ರತಿ ಸಾಮಾನಿಗೂ ಹಗ್ಗ ಕಟ್ಟುತ್ತೇನೆ, ಕಡಲಿಗಂತೂ ಇಳಿಯುವುದಿಲ್ಲ. ಮಳೆಗಾಲದಲ್ಲಿ ಹೊಳೆಗೂ ಇಲ್ಲ.

ಇನ್ನು ಅಡುಗೆ. ಮೀನು ಮೇಲೆ ಬಂದ ಕೂಡಲೇ ಕಿವಿರು ಕೊಯ್ದು ರಕ್ತ ಬಿಡಿಸಿ, ಐಸು ಮತ್ತು ಹೊಳೆ ನೀರು ಬೆರೆಸಿದ ಪೆಟ್ಟಿಗೆಗೆ ಹಾಕುತ್ತೇನೆ. ಬರೀ ಐಸಿನ ಮೇಲೆ ಇಟ್ಟದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ತುಂಡು ಮಾಡುವಾಗಲೇ ಕಾಣುತ್ತದೆ, ಮಾಂಸ ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ. ಕುರುಡಿ ಫ್ರೈಗೆ. ರವೆ ಹಚ್ಚುವುದು ನನಗೆ ಸೇರದು, ಒಳ್ಳೆ ಮೀನಿಗೆ ಅಂಗಿ ತೊಡಿಸಿದ ಹಾಗೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಕಾಳುಮೆಣಸು, ಬೆಳ್ಳುಳ್ಳಿ, ಹುಣಸೆ ಗಟ್ಟಿಯಾಗಿ ರುಬ್ಬಿ ಅರ್ಧ ಗಂಟೆ ಹಚ್ಚಿಟ್ಟು, ಕಾವಲಿಯಲ್ಲಿ ತೆಂಗಿನೆಣ್ಣೆ ಬಿಟ್ಟು ಸಣ್ಣ ಉರಿಯಲ್ಲಿ. ಒಂದೇ ಸಲ ಮಗುಚಬೇಕು.

ಕೆಂಬೇರಿ ಸಾರಿಗೆ. ಮಣ್ಣಿನ ಪಾತ್ರೆಯಲ್ಲಿ ಅಮ್ಮನೇ ಮಾಡುವುದು. ಒಂದು ಕಾಯಿ, 15 ಮೆಣಸು, ನಾಲ್ಕು ಕಾಳು ಮೆಂತ್ಯ. ಮೇಲಿಂದ ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸು. ಮೀನು ಹಾಕಿದ ಮೇಲೆ ಸೌಟು ಮುಟ್ಟುವಂತಿಲ್ಲ, ಪಾತ್ರೆಯನ್ನೇ ಹಿಡಿದು ತಿರುಗಿಸಬೇಕು. ನಾನೊಮ್ಮೆ ಸೌಟು ಹಾಕಿ ಬೈಸಿಕೊಂಡಿದ್ದೇನೆ. ರಾತ್ರಿ ಉಳಿದದ್ದನ್ನು ಬೆಳಿಗ್ಗೆ ಬತ್ತಿಸಿ ಉದ್ದಿನ ದೋಸೆಗೆ ಹಾಕಿಕೊಂಡರೆ ಆಫೀಸಿನ ನೆನಪೇ ಬರುವುದಿಲ್ಲ.

ಮೊನ್ನೆ ಒಂದು ಬಟ್ಟಲು ಸಾರು ಮಾಮನ ಮನೆಗೂ ಹೋಯಿತು. ಬಟ್ಟಲು ವಾಪಸ್ ಕೊಡಲು ಬಂದವರು ಅಂಗಳದಲ್ಲಿ ಒಣಗಲು ಇಟ್ಟಿದ್ದ ಕಯಾಕ್ ಸುತ್ತ ಒಂದು ಸುತ್ತು ಬಂದರು. ಹಿಂದಿನ ತುದಿಯ ಹಗ್ಗ ಕೈಯಲ್ಲಿ ಹಿಡಿದು, ಗಂಟನ್ನು ಎರಡು ಸಲ ಕಟ್ಟಿ ಬಿಚ್ಚಿ ನೋಡಿದರು. "ಇದ್ಕೆ ಎಷ್ಟ್ ಕೊಟ್ಟೆ?" ಅಂತ ಕೇಳಿದರು. 18 ಅಂದೆ. ಮನೆಯಲ್ಲಿ ಹೇಳಿರುವುದೂ ಅಷ್ಟೇ.