ಹಳೇ ಬೇಸ್‌ಬಾಲ್ ಕಾರ್ಡ್: ಶೋನಲ್ಲಿ ಕೊಳ್ಳುವುದು ಹೇಗೆ, ಮಾರುವುದು ಹೇಗೆ?

ಅಮೆರಿಕದಲ್ಲಿರುವ ನಮ್ಮವರ ಮನೆಗಳಿಗೂ ಬೇಸ್‌ಬಾಲ್ ಕಾರ್ಡಿನ, ಅಂದರೆ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಕೂಡಿಹಾಕುವ ಹುಚ್ಚು ಹತ್ತಿದೆ. ಮೊದಲು ಮಕ್ಕಳಿಗೆ ಹತ್ತುತ್ತದೆ, ಆಮೇಲೆ ಅಪ್ಪನಿಗೆ ಅಂಟಿಕೊಳ್ಳುತ್ತದೆ. ಭಾನುವಾರ ಬೆಳಿಗ್ಗೆ ಹೋಟೆಲ್ ಹಾಲ್‌ನಲ್ಲೋ, ಫೈರ್ ಸ್ಟೇಷನ್ನಿನ ಸಭಾಂಗಣದಲ್ಲೋ, ಮಾಜಿ ಸೈನಿಕರ ಭವನದಲ್ಲೋ ಕಾರ್ಡ್ ಮಾರುವವರು ಸಾಲಾಗಿ ಮೇಜು ಹಾಕಿರುತ್ತಾರೆ, ಅದೇ ಕಾರ್ಡ್ ಶೋ. ಅಲ್ಲಿ ನಾನು ಪದೇ ಪದೇ ನೋಡುವ ದೃಶ್ಯ ಒಂದೇ. ಬೆಲೆಗಾಗಿ ಕಾಲು ಗಂಟೆ ಚೌಕಾಸಿ ಮಾಡುವ ಜನ ಕಾರ್ಡನ್ನು ಅರ್ಧ ನಿಮಿಷವೂ ನೋಡುವುದಿಲ್ಲ. ಹತ್ತು ಡಾಲರ್ ಉಳಿಸಿದ ಖುಷಿಯಲ್ಲಿ ಅಂಚು ಕತ್ತರಿಸಿದ ಕಾರ್ಡನ್ನು ಮನೆಗೆ ತರುತ್ತಾರೆ. ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ.

1. ಏನು ಬೇಕು ಅಂತ ಮನೆಯಲ್ಲೇ ತೀರ್ಮಾನಿಸಿ

ಹಳೇ ಕಾರ್ಡ್ ಅಂದರೆ ಸಾಮಾನ್ಯವಾಗಿ 1980ಕ್ಕಿಂತ ಹಿಂದಿನದು. 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನಲ್ಲಿ ಬಂದ ಟಿ206, 1933ರ ಗೌಡಿ, ಎರಡನೇ ಮಹಾಯುದ್ಧ ಮುಗಿದ ಮೇಲಿನ ಬೋಮನ್, 1950ರ ದಶಕದಿಂದ ಟಾಪ್ಸ್. ಟಿ206 ಒಂದು ಸೆಟ್ಟಿನ ಹೆಸರು, ಉಳಿದ ಮೂರು ಕಂಪನಿಗಳು. ಶೋನಲ್ಲಿ ಹೆಚ್ಚಾಗಿ ಕಾಣುವುದು ಟಾಪ್ಸ್. 1980ರ ದಶಕದ ಕೊನೆಯಿಂದ 90ರ ದಶಕದ ಶುರುವಿನವರೆಗಿನ ಕಾರ್ಡುಗಳನ್ನಂತೂ ಕಂಪನಿಗಳು ಲೆಕ್ಕವಿಲ್ಲದೆ ಅಚ್ಚು ಹಾಕಿದವು. ಪಕ್ಕದ ಮನೆಯವರು ಗ್ಯಾರೇಜ್ ಖಾಲಿ ಮಾಡುವಾಗ ಪ್ರೀತಿಯಿಂದ ಕೊಡುವ ಪೆಟ್ಟಿಗೆಯಲ್ಲಿ ಇರುವುದು ಬಹುಪಾಲು ಅದೇ. ಅದನ್ನು ಶೋಗೆ ಹೊತ್ತುಕೊಂಡು ಹೋಗಬೇಡಿ.

ಒಂದು ತಂಡ, ಒಬ್ಬ ಆಟಗಾರ ಅಥವಾ ಒಂದು ವರ್ಷದ ಸೆಟ್ ಹಿಡಿದುಕೊಳ್ಳಿ. ನನ್ನನ್ನು ಕೇಳಿದರೆ 1955ರಿಂದ 1970ರ ನಡುವಿನ ಟಾಪ್ಸ್‌ನಲ್ಲಿ ದೊಡ್ಡ ಹೆಸರುಗಳನ್ನು, ಅಂದರೆ ಮ್ಯಾಂಟಲ್, ಮೇಸ್, ಆರನ್, ಕ್ಲೆಮೆಂಟೆಯವರನ್ನು, ಕಡಿಮೆ ಗ್ರೇಡ್‌ನಲ್ಲಿ ಕೊಳ್ಳಿ. ಗ್ರೇಡ್ ಅಂದರೆ ಕಾರ್ಡಿನ ಸ್ಥಿತಿ ನೋಡಿ ಗ್ರೇಡಿಂಗ್ ಕಂಪನಿಗಳು 10ಕ್ಕೆ ಇಷ್ಟು ಅಂತ ಕೊಡುವ ಅಂಕ. ಮೂಲೆ ಸವೆದಿರಲಿ, ಒಂದು ಮಡಿಕೆ ಇರಲಿ, ಪರವಾಗಿಲ್ಲ. ಮುಖ ಚೆನ್ನಾಗಿರಬೇಕು, ಬಣ್ಣ ಗಟ್ಟಿಯಾಗಿರಬೇಕು, ಯಾರೂ ರಿಪೇರಿ ಮಾಡಿರಬಾರದು.

ಕಾರ್ಡಿನ ನಂಬರನ್ನೂ ನೋಡಿ. 1973ರವರೆಗೆ ಟಾಪ್ಸ್ ಒಂದು ವರ್ಷದ ಕಾರ್ಡುಗಳನ್ನೆಲ್ಲ ಒಟ್ಟಿಗೆ ಬಿಡುತ್ತಿರಲಿಲ್ಲ, ಕಂತು ಕಂತಾಗಿ ಬಿಡುತ್ತಿತ್ತು. ಕೊನೇ ಕಂತು ಬರುವ ಹೊತ್ತಿಗೆ ಮಕ್ಕಳು ಫುಟ್‌ಬಾಲ್ ಕಡೆ ತಿರುಗಿರುತ್ತಿದ್ದರು, ಅಂಗಡಿಯವರೂ ತರಿಸುವುದು ಕಡಿಮೆ ಮಾಡುತ್ತಿದ್ದರು. ಹಾಗಾಗಿ ದೊಡ್ಡ ನಂಬರಿನ ಕಾರ್ಡುಗಳು ವಿರಳ, ಸಾಧಾರಣ ಆಟಗಾರನದ್ದಾದರೂ ದುಬಾರಿ. 1967ರ ಟಾಮ್ ಸೀವರ್ ರೂಕಿ ಕಾರ್ಡಿನ (ಆಟಗಾರನ ಮೊದಲ ಕಾರ್ಡಿಗೆ ರೂಕಿ ಅನ್ನುತ್ತಾರೆ) ನಂಬರ್ 581, ಅದೂ ಈ ಗುಂಪಿನದೇ. 1952ರ ಮಿಕ್ಕಿ ಮ್ಯಾಂಟಲ್ ನಂಬರ್ 311, ಆ ವರ್ಷದ ಕೊನೇ ಕಂತಿನ ಮೊದಲ ಕಾರ್ಡ್. ಮಾರಾಟವಾಗದೆ ಉಳಿದ ಆ ಮಾಲನ್ನು ಟಾಪ್ಸ್‌ನ ಸೈ ಬರ್ಗರ್ 1960ರ ಆಸುಪಾಸಿನಲ್ಲಿ ದೋಣಿಯಲ್ಲಿ ಸಾಗಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಅದೇ ಕಾರ್ಡಿನ ಒಂದು ಪ್ರತಿ 2022ರಲ್ಲಿ 1.26 ಕೋಟಿ ಡಾಲರ್‌ಗೆ ಹರಾಜಾಯಿತು. ಅದು ನಮ್ಮ ನಿಮ್ಮ ಮೇಜಿನ ವ್ಯವಹಾರ ಅಲ್ಲ, ಬಿಡಿ.

ಬೆಲೆ ತಿಳಿಯಲು ಆನ್‌ಲೈನ್ ಮಾರಾಟದ ತಾಣ ಇಬೇಯಲ್ಲಿ 'ಮಾರಾಟವಾದವು' ಅಂತ ಆಯ್ದುಕೊಂಡು ನೋಡಿ. ಕೇಳುವ ಬೆಲೆಗೆ ಅರ್ಥವಿಲ್ಲ, ಯಾರು ಎಷ್ಟು ಬೇಕಾದರೂ ಕೇಳಬಹುದು ಅಲ್ವಾ?

2. ಬ್ಯಾಗು

ನಗದು, ಅದರಲ್ಲೂ 20 ಡಾಲರ್ ನೋಟುಗಳು ಜಾಸ್ತಿ ಇರಲಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿ, ಸಣ್ಣ ಟಾರ್ಚ್, ಯುವಿ (ಅತಿನೇರಳೆ ಬೆಳಕಿನ) ಟಾರ್ಚ್, ಪೆನ್ನಿ ಸ್ಲೀವ್ ಅಂದರೆ ತೆಳು ಪ್ಲಾಸ್ಟಿಕ್ ಕವರ್, ಟಾಪ್‌ಲೋಡರ್ ಅಂದರೆ ಗಟ್ಟಿ ಪ್ಲಾಸ್ಟಿಕ್ ಕವರ್. ಇವುಗಳ ಜೊತೆಗೆ, ಯಾರೂ ತರದ ವಸ್ತು ಒಂದಿದೆ: ನೀವು ಹುಡುಕುತ್ತಿರುವ ಸೆಟ್ಟಿನದೇ ಒಂದು ಅಗ್ಗದ ಕಾರ್ಡ್, ಸವೆದದ್ದಾದರೂ ಸರಿ. ಅದೇ ನಿಮ್ಮ ಅಳತೆಗೋಲು.

ಫೋಟೋ ತೆಗೆದರೆ ಕಾರ್ಡ್ ಯಾವುದು ಅಂತ ಹೇಳುವ ಆ್ಯಪ್‌ಗಳಿವೆ. ವರ್ಷ ಹುಡುಕಲು ಓಕೆ. ರೀಪ್ರಿಂಟನ್ನು, ಅಂದರೆ ಆಮೇಲೆ ಮತ್ತೆ ಅಚ್ಚು ಹಾಕಿದ ಕಾರ್ಡನ್ನು, ಅಸಲಿ ಅಂತ ತೋರಿಸಿ ಸಾವಿರ ಡಾಲರ್ ಬೆಲೆ ಹೇಳುವುದೂ ಇವೇ. ನಂಬಬೇಡಿ.

3. ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ

ಸುಮ್ನೆ ಒಂದು ರೌಂಡ್ ಹೊಡೆಯಿರಿ, ಯಾರ ಹತ್ತಿರ ಏನಿದೆ ನೋಡಿಕೊಳ್ಳಿ.

4. ಕಾರ್ಡ್ ನೋಡುವುದು

ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲು "ಹೊರಗೆ ತೆಗೆದು ನೋಡಬಹುದಾ?" ಅಂತ ಕೇಳಿ. ಪ್ಲಾಸ್ಟಿಕ್ಕಿನೊಳಗೆ ಎಲ್ಲ ಕಾರ್ಡೂ ಚೆಂದ. ತೆಗೆಯುವ ಕೆಲಸ ಡೀಲರೇ ಮಾಡಲಿ, ಮೂಲೆ ಮುರಿದರೆ ಅವರ ತಲೆಗೆ. ಒಳ್ಳೇ ಡೀಲರ್ ಬೇಡ ಅನ್ನುವುದಿಲ್ಲ. ಸ್ಲಾಬ್ (ಗ್ರೇಡಿಂಗ್ ಕಂಪನಿ ಮುಚ್ಚಿ ಕೊಟ್ಟ ಗಟ್ಟಿ ಡಬ್ಬಿ) ಅಲ್ಲದ ನೂರಾರು ಡಾಲರಿನ ಕಾರ್ಡನ್ನು ತೆಗೆದು ತೋರಿಸಲು ಒಪ್ಪದಿದ್ದರೆ, ಥ್ಯಾಂಕ್ಸ್ ಹೇಳಿ ಮುಂದಿನ ಮೇಜಿಗೆ ಹೋಗಿ.

ಕೈಗೆ ಬಂದ ಮೇಲೆ ಅಂಚು ಹಿಡಿದು, ಟಾರ್ಚಿನ ಬೆಳಕು ಓರೆಯಾಗಿ ಬೀಳುವ ಹಾಗೆ ನಿಧಾನ ವಾಲಿಸಿ. ನೇರ ಬೆಳಕಿನಲ್ಲಿ ಕಾಣದ ಸಣ್ಣ ಸುಕ್ಕು ಓರೆ ಬೆಳಕಿನಲ್ಲಿ ಗೆರೆಯಾಗಿ ಎದ್ದು ಬರುತ್ತದೆ. ಕೆಲವು ಸುಕ್ಕು ಒಂದೇ ಬದಿಗೆ ಇರುತ್ತವೆ, ಹಾಗಾಗಿ ಹಿಂದೆ ತಿರುಗಿಸಿ ಅದೇ ಕೆಲಸ ಮತ್ತೆ ಮಾಡಿ. ಹಿಂಭಾಗದಲ್ಲಿ ಆಲ್ಬಮ್ಮಿಗೆ ಅಂಟಿಸಿ ಕಿತ್ತ ಗುರುತು, ಕಾಗದ ಎದ್ದು ಹೋದ ಜಾಗ, ಪೆನ್ಸಿಲ್ ಬರಹ, ಗಮ್ಮಿನ ಕಲೆ, ನೋಟಿಸ್ ಬೋರ್ಡಿಗೆ ಚುಚ್ಚಿದ ಗುಂಡುಪಿನ್ನಿನ ತೂತು. ತೂತು ಹುಡುಕಲು ಕಾರ್ಡನ್ನು ದೀಪಕ್ಕೆ ಅಡ್ಡ ಹಿಡಿಯಿರಿ, ಒಂದು ಚುಕ್ಕೆ ಬೆಳಕು ಬಂದರೂ ಗೊತ್ತಾಗುತ್ತದೆ.

ಇಷ್ಟು ಕಣ್ಣಿಗೆ ಕಾಣುವ ದೋಷ. ಇದಕ್ಕೆ ತಕ್ಕಂತೆ ಬೆಲೆ ಇಳಿದರೆ ಸಾಕು, ಮೋಸ ಏನಿಲ್ಲ. ಮೋಸ ಇರುವುದು ಅಂಚಿನಲ್ಲಿ.

ಸವೆದ ಮೂಲೆ ಚೂಪಾಗಿ ಕಾಣಲಿ, ಚಿತ್ರ ಮಧ್ಯಕ್ಕೆ ಬರಲಿ ಅಂತ ಬ್ಲೇಡಿನಲ್ಲಿ ಕೂದಲೆಳೆಯಷ್ಟು ಕತ್ತರಿಸುತ್ತಾರೆ. ಕತ್ತರಿಸಿದ್ದು ಗೊತ್ತಾದರೆ ಕಾರ್ಡಿನ ಬೆಲೆ ದೊಪ್ಪನೆ ಬೀಳುತ್ತದೆ, ಗ್ರೇಡಿಂಗ್ ಕಂಪನಿಯವರು ನಂಬರ್ ಕೊಡುವುದಿಲ್ಲ. 1957ರಿಂದ ಟಾಪ್ಸ್ ಕಾರ್ಡಿನ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. 1952ರಿಂದ 56ರವರೆಗೆ ಇನ್ನೂ ಸ್ವಲ್ಪ ದೊಡ್ಡದು, ಎರಡು ಇಂಚು ಐದು ನೂಲು ಅಗಲ, ಮೂರೂಮುಕ್ಕಾಲು ಇಂಚು ಉದ್ದ. ಸ್ಕೇಲ್ ಇಟ್ಟು ಅಳೆಯುವುದಕ್ಕಿಂತ ನಿಮ್ಮ ಅಗ್ಗದ ಕಾರ್ಡನ್ನು ಅದರ ಕೆಳಗಿಟ್ಟು, ಮೂಲೆಗೆ ಮೂಲೆ ಹೊಂದಿಸಿ ನೋಡುವುದು ವಾಸಿ. ನಿಮ್ಮ ಕಾರ್ಡಿನ ಅಂಚು ಒಂದು ಬದಿಯಲ್ಲಿ ದಾರದಷ್ಟು ಹೊರಗೆ ಇಣುಕಿದರೆ ಅನುಮಾನ ಶುರು ಮಾಡಿ. ಅನುಮಾನ ಅಷ್ಟೇ, ತೀರ್ಪಲ್ಲ. ಫ್ಯಾಕ್ಟರಿಯಲ್ಲೇ ಹೆಚ್ಚು ಕಡಿಮೆ ಕತ್ತರಿಸಿದವೂ ಇವೆ. ಟಿ206ರಲ್ಲಂತೂ ಅಳತೆ ಒಂದೊಂದೂ ಒಂದೊಂದು ಥರ.

ಆಮೇಲೆ ಭೂತಕನ್ನಡಿ ತಗೊಂಡು ನಾಲ್ಕೂ ಅಂಚನ್ನು ಪಕ್ಕದಿಂದ ನೋಡಿ. ಹಳೇ ಕಾರ್ಡಿನ ಅಂಚುಗಳೆಲ್ಲ ಒಟ್ಟಿಗೆ ಮುಪ್ಪಾಗಿರುತ್ತವೆ: ಸ್ವಲ್ಪ ನಾರು ಎದ್ದಿರುತ್ತದೆ, ಸ್ವಲ್ಪ ಕಂದು ತಿರುಗಿರುತ್ತದೆ. ಮೂರು ಅಂಚಿಗೆ ಅರವತ್ತು ವರ್ಷ ವಯಸ್ಸು, ನಾಲ್ಕನೆಯದಕ್ಕೆ ಮಾತ್ರ ನಿನ್ನೆ ಹುಟ್ಟಿದ ಬಿಳುಪು ಅಂದರೆ ಕಥೆ ಮುಗಿಯಿತು. ಇನ್ನೊಂದು ಗುರುತು, ಮೇಲ್ಮೈ ಗೀರು ಬಿದ್ದು ಮಾಸಿದೆ, ಆದರೆ ಮೂಲೆಗಳು ಚುಚ್ಚುವಷ್ಟು ಚೂಪು. ಕಾರ್ಡು ಸವೆದರೆ ಮೊದಲು ಸವೆಯುವುದೇ ಮೂಲೆ. ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು ಉದ್ದಕ್ಕೆ ನೋಡಿದರೆ ಕೈಯಲ್ಲಿ ಕತ್ತರಿಸಿದ್ದು ಎಲ್ಲೋ ಒಂದು ಕಡೆ ಸೊಟ್ಟಗಾಗಿರುತ್ತದೆ.

ಇದೇನು ಬೀದಿ ಬದಿಯ ಕಳ್ಳರ ಕೆಲಸ ಮಾತ್ರ ಅಂದುಕೊಳ್ಳಬೇಡಿ. ಜಗತ್ತಿನ ಅತಿ ಪ್ರಸಿದ್ಧ ಕಾರ್ಡ್, ಟಿ206 ಹೋನಸ್ ವ್ಯಾಗ್ನರ್‌ನ ಒಂದು ಪ್ರತಿ, ಪಿಎಸ್‌ಎ ಕಂಪನಿ ಗ್ರೇಡ್ ಮಾಡಿದ ಮೊಟ್ಟಮೊದಲ ಕಾರ್ಡ್. ಅದಕ್ಕೆ 8 ಕೊಟ್ಟಿದ್ದರು. ಅದರ ಅಂಚು ಕತ್ತರಿಸಿದ್ದು ನಾನೇ ಅಂತ ಹರಾಜು ಸಂಸ್ಥೆ ನಡೆಸುತ್ತಿದ್ದ ಬಿಲ್ ಮ್ಯಾಸ್ಟ್ರೋ 2013ರಲ್ಲಿ ಕೋರ್ಟಿನ ಮುಂದೆ ಒಪ್ಪಿಕೊಂಡರು.

ಬಣ್ಣ ಹಚ್ಚುವುದು ಎರಡನೇ ಕಸುಬು. 1971ರ ಟಾಪ್ಸ್‌ಗೆ ಕಪ್ಪು ಬಾರ್ಡರ್, ಸ್ವಲ್ಪ ತಾಗಿದರೂ ಬಿಳಿ ಕಾಣುತ್ತದೆ. ಅಲ್ಲಿಗೆ ಕಪ್ಪು ಮಾರ್ಕರ್ ಎಳೆದಿರುತ್ತಾರೆ. ಕಾರ್ಡಿನ ದಪ್ಪದ ಬದಿಯನ್ನು ನೋಡಿ: ಅಲ್ಲಿ ರಟ್ಟಿನ ಬಣ್ಣ ಕಾಣಬೇಕು, ಕಪ್ಪು ಇಳಿದಿದ್ದರೆ ಮಾರ್ಕರ್. ಆ ವರ್ಷದ ಕಾರ್ಡು ಮೂಲೆ ಬೆಳ್ಳಗಾಗಿಯೇ ಇರಲಿ, ಅದೇ ಲಕ್ಷಣ.

ಮೂರನೆಯದು ರೀಪ್ರಿಂಟ್. ಭೂತಕನ್ನಡಿಯಲ್ಲಿ ಚಿತ್ರ ಬಿಟ್ಟು ಅಕ್ಷರ ನೋಡಿ. ಅಸಲಿಯಲ್ಲಿ ಆಟಗಾರನ ಹೆಸರಿನ ಕಪ್ಪು ಅಕ್ಷರ, ಕಪ್ಪು ಗೆರೆ ಗಟ್ಟಿ ಶಾಯಿ. ಅಸಲಿಯ ಫೋಟೋ ತೆಗೆದು ಅಚ್ಚು ಹಾಕಿದ ನಕಲಿಯಲ್ಲಿ ಅದೇ ಅಕ್ಷರ ಚುಕ್ಕಿಚುಕ್ಕಿಯಾಗಿ ಒಡೆದಿರುತ್ತದೆ, ಅಂಚು ಮಸುಕಾಗಿರುತ್ತದೆ. 1952ರ ಸೆಟ್ಟನ್ನು ಟಾಪ್ಸ್‌ನವರೇ 1983ರಲ್ಲಿ ಮತ್ತೆ ಅಚ್ಚು ಹಾಕಿದರು. ಅದರ ಹಿಂದೆ ರೀಪ್ರಿಂಟ್ ಅಂತ ಬರೆದಿದೆ. ಆ ಬರಹವನ್ನು ಉಜ್ಜಿ ತೆಗೆದರೂ ಅಳತೆ ಎರಡೂವರೆ–ಮೂರೂವರೆ ಇಂಚೇ, ಸುಳ್ಳು ಹೇಳಲಾಗದು. ಯುವಿ ಟಾರ್ಚ್ ಯುದ್ಧಕ್ಕೆ ಮೊದಲಿನ ಕಾರ್ಡಿಗೆ ಮಾತ್ರ ಬಳಸಿ. ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುವುದು ಶುರುವಾಗಿದ್ದು ಆಮೇಲೆ. 1933ರ ಬೇಬ್ ರೂತ್ ಕಾರ್ಡು ನೀಲಿಯಾಗಿ ಫಳಫಳ ಹೊಳೆದರೆ ಅದು 1933ರದಲ್ಲ.

1963ರ ಪೀಟ್ ರೋಸ್ ರೂಕಿ, 1986ರ ಫ್ಲೀರ್ ಕಂಪನಿಯ ಮೈಕಲ್ ಜೋರ್ಡನ್ ಬ್ಯಾಸ್ಕೆಟ್‌ಬಾಲ್ ಕಾರ್ಡು, ಇವೆರಡನ್ನು ಗ್ರೇಡ್ ಆಗದೆ ಬಿಡಿಯಾಗಿ ಕೊಳ್ಳಲೇಬೇಡಿ. ಡೀಲರ್ ಎಷ್ಟು ಒಳ್ಳೆಯವರಾದರೂ ಸರಿ. ಇವುಗಳ ನಕಲಿ ಅಷ್ಟು ಓಡಾಡುತ್ತಿವೆ.

5. ಸ್ಲಾಬ್ ಆಗಿದ್ದರೆ

ಗ್ರೇಡಿಂಗ್ ಕಂಪನಿಯ ಗಟ್ಟಿ ಡಬ್ಬಿಯಲ್ಲಿದ್ದರೆ ಲೇಬಲ್ಲಿನ ನಂಬರನ್ನು ಅವರ ವೆಬ್‌ಸೈಟಿನಲ್ಲಿ ಹಾಕಿ. ನಂಬರ್ ಸರಿಯಿದ್ದರೆ ಸಾಲದು, ನಕಲಿ ಡಬ್ಬಿಗೂ ಅಸಲಿ ನಂಬರನ್ನೇ ಕದ್ದಿರುತ್ತಾರೆ. ಅಲ್ಲಿ ಫೋಟೋ ಇದ್ದರೆ ಅದರ ಜೊತೆ ಕೈಲಿರುವುದನ್ನು ಹೋಲಿಸಿ. ಡಬ್ಬಿಯ ಅಂಚಿನಲ್ಲಿ ಒಡೆದು ಅಂಟಿಸಿದ ಬಿಳಿ ಗುರುತಿದ್ದರೆ ಬೇಡ. ಪಿಎಸ್‌ಎ, ಎಸ್‌ಜಿಸಿ, ಬೆಕೆಟ್ ಬಿಟ್ಟು ಹೆಸರೇ ಕೇಳದ ಕಂಪನಿಯ 9, 10ಕ್ಕೆ ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ.

6. ಚೌಕಾಸಿ

ಡೀಲರ್ ಇನ್ನೊಬ್ಬರ ಜೊತೆ ವ್ಯವಹಾರದಲ್ಲಿದ್ದರೆ ಬಾಯಿ ಹಾಕಬೇಡಿ. ನಿಮ್ಮ ಪೆಟ್ಟಿಗೆಯನ್ನು ಅವರ ಗಾಜಿನ ಮೇಲೆ ಇಡಬೇಡಿ, ಕಾಫಿ ಲೋಟವನ್ನಂತೂ ಮೇಜಿನ ಹತ್ತಿರಕ್ಕೂ ತರಬೇಡಿ. ಎರಡು ಮೂರು ಕಾರ್ಡ್ ಆರಿಸಿ ಒಟ್ಟಿಗಿಟ್ಟು "ಇಷ್ಟಕ್ಕೂ ಸೇರಿ ಎಷ್ಟು?" ಅಂತ ಕೇಳಿ, ಒಂದೊಂದಕ್ಕೇ ಎಳೆದಾಡುವುದಕ್ಕಿಂತ ಇದರಲ್ಲಿ ಜಾಸ್ತಿ ಬಿಡುತ್ತಾರೆ. ಫೋನನ್ನು ಅವರ ಮುಖಕ್ಕೆ ಹಿಡಿದು ಇಬೇ ಬೆಲೆ ತೋರಿಸುವುದು ಕೆಟ್ಟ ಅಭ್ಯಾಸ. ಪಕ್ಕಕ್ಕೆ ಹೋಗಿ ನೋಡಿ ಬನ್ನಿ. ನೀವು ಹೇಳಿದ ಬೆಲೆಗೆ ಅವರು ಹೂಂ ಅಂದ ಮೇಲೆ ಹಿಂದೆ ಸರಿಯಬೇಡಿ. ಚಿಕ್ಕ ಶೋಗಳಲ್ಲಿ ತಿಂಗಳು ತಿಂಗಳೂ ಅದೇ ಮುಖಗಳು ಸಿಗುತ್ತವೆ.

ನಡುವೆ ಒಂದು ಮಾತು. ಮೂಲೆಯ ಮೇಜುಗಳಲ್ಲಿ ಕೆಲವೊಮ್ಮೆ ಇಂಗ್ಲೆಂಡಿನ ಜಾನ್ ಪ್ಲೇಯರ್ ಸಿಗರೇಟಿನ 1934, 1938ರ ಕ್ರಿಕೆಟ್ ಕಾರ್ಡುಗಳು ಬಿದ್ದಿರುತ್ತವೆ. ಒಂದು ಸೆಟ್ಟಿಗೆ 50 ಕಾರ್ಡ್, ಬ್ರಾಡ್‌ಮನ್ ಕೂಡ ಇದ್ದಾರೆ. ಬೇಸ್‌ಬಾಲ್ ಡೀಲರ್‌ಗಳಿಗೆ ಅದರ ಗೊಡವೆ ಇಲ್ಲ, ಕೇಳಿದರೆ ಅಗ್ಗಕ್ಕೇ ಕೊಡುತ್ತಾರೆ. ನಾನಂತೂ ಬಿಡುವುದಿಲ್ಲ.

7. ಮಾರುವುದು

ಇಲ್ಲಿ ಲೆಕ್ಕ ಗೊತ್ತಿದ್ದರೆ ಬೇಜಾರಾಗುವುದಿಲ್ಲ. ಇಬೇಯಲ್ಲಿ 100 ಡಾಲರ್‌ಗೆ ಹೋಗುವ ಕಾರ್ಡಿಗೆ ಸುಮಾರು 13 ಡಾಲರ್ ಅವರ ಫೀ, ಮೇಲೆ ಅಂಚೆ, ಪ್ಯಾಕಿಂಗ್. ಕೈಗೆ ಬರುವುದು 80ರ ಆಸುಪಾಸು. ಡೀಲರ್ ಮೇಜಿನ ಬಾಡಿಗೆ ಕೊಟ್ಟು, ಮತ್ತೆ ಮಾರಿ ಲಾಭ ನೋಡಬೇಕು, ಹಾಗಾಗಿ 60–70 ಹೇಳುತ್ತಾರೆ. ಅದನ್ನು ಅವಮಾನ ಅಂದುಕೊಳ್ಳಬೇಡಿ. ಬೇಗ ಹೋಗುವ ದೊಡ್ಡ ಹೆಸರಾದರೆ 75–80ರವರೆಗೂ ಎಳೆಯಬಹುದು.

ಯಾರಿಗೆ ತೋರಿಸುತ್ತೀರಿ ಅನ್ನುವುದು ಮುಖ್ಯ. 1950ರ ದಶಕದ ಕಾರ್ಡನ್ನು ಪೋಕೆಮಾನ್ ಮಾರುವವರ ಮುಂದೆ ಹಿಡಿಯಬೇಡಿ, ಗಾಜಿನೊಳಗೆ ಅಂಥದ್ದೇ ಮಾಲಿರುವ ಮೇಜು ಹುಡುಕಿ. ಎಲ್ಲವನ್ನೂ ಹರಡಿದರೆ ತರಕಾರಿ ಆರಿಸಿದ ಹಾಗೆ ಒಳ್ಳೇದನ್ನು ಎತ್ತಿಕೊಂಡು ಉಳಿದದ್ದನ್ನು ನಿಮಗೇ ಬಿಡುತ್ತಾರೆ. ಒಳ್ಳೇದು ನಾಲ್ಕು, ಸಾಧಾರಣ ಹತ್ತು ಸೇರಿಸಿ ಒಂದು ಗಂಟು ಮಾಡಿ, ಒಟ್ಟು ಬೆಲೆ ನೀವೇ ಹೇಳಿ. "ನೀವೇ ಹೇಳಿ ಸಾರ್" ಅಂದರೆ ಕೆಳಗಿನಿಂದಲೇ ಶುರುವಾಗುತ್ತದೆ. ದೋಷ ಇದ್ದರೆ ಮೊದಲೇ ತೋರಿಸಿಬಿಡಿ, ಅವರು ಹೇಗೂ ಕಂಡುಹಿಡಿಯುತ್ತಾರೆ. ಮೇಜು ಬಾಡಿಗೆ ಕೊಡದೆ ಓಣಿಯಲ್ಲಿ ನಿಂತು ಬೇರೆ ಗಿರಾಕಿಗಳಿಗೆ ಮಾರುವುದನ್ನು ಆಯೋಜಕರು ಸಹಿಸುವುದಿಲ್ಲ. ಜಾಸ್ತಿ ಮಾಲಿದ್ದರೆ ಸ್ನೇಹಿತರ ಜೊತೆ ಸೇರಿ ಒಂದು ಮೇಜು ಹಿಡಿಯಿರಿ, ಬೋಣಿ ಮಾತ್ರ ಬೇಗ ಮಾಡಿಕೊಳ್ಳಿ, ಮೊದಲ ಗಿರಾಕಿಗೆ ಸ್ವಲ್ಪ ಬಿಟ್ಟಾದರೂ ಸರಿ.

8. ಮನೆಗೆ ತಂದ ಮೇಲೆ

ಸ್ಲೀವ್, ಅದರ ಮೇಲೆ ಟಾಪ್‌ಲೋಡರ್. ಬಾಯಿಗೆ ಗೋಡೆ ಪೇಂಟ್ ಮಾಡುವವರ ನೀಲಿ ಟೇಪ್ ಹಾಕಿ. ಮಾಮೂಲಿ ಸೆಲ್ಲೋ ಟೇಪ್ ಬೇಡ, ಕೀಳುವಾಗ ಅಂಟು ಕಾರ್ಡಿಗೇ ತಾಗುತ್ತದೆ. ನಾಲ್ಕು ಸ್ಕ್ರೂ ಬಿಗಿಯುವ ಹಳೇ ಪ್ಲಾಸ್ಟಿಕ್ ಹೋಲ್ಡರ್ ಎಲ್ಲಾದರೂ ಸಿಕ್ಕರೆ ಎಸೆಯಿರಿ, ಕಾರ್ಡನ್ನು ಒತ್ತಿ ಚಪ್ಪಟೆ ಮಾಡುತ್ತದೆ. ವಾಸನೆ ಬರುವ ಪಿವಿಸಿ ಆಲ್ಬಮ್ ಹಾಳೆಯೂ ಬೇಡ. ಕಾರ್ಡ್ ಕ್ಲೀನ್ ಮಾಡುವ ಸ್ಪ್ರೇ, ಬಟ್ಟೆ ಸೇರಿಸಿದ ಕಿಟ್ ಮಾರುತ್ತಾರೆ, ಹಳೇ ಕಾರ್ಡಿನ ಹತ್ತಿರಕ್ಕೂ ತರಬೇಡಿ.

ಇನ್ನು ತೆರಿಗೆ. ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡು ಮಾರಿದ ಕಾರ್ಡಿನ ಲಾಭಕ್ಕೆ ಅಮೆರಿಕದಲ್ಲಿ 28 ಶೇಕಡಾವರೆಗೆ ತೆರಿಗೆ ಬೀಳಬಹುದು, ಶೇರಿನ ದರ ಇದಕ್ಕೆ ಅನ್ವಯಿಸುವುದಿಲ್ಲ. ಲಾಭ ಎಷ್ಟು ಅಂತ ತೋರಿಸಲು ಕೊಂಡ ಬೆಲೆ ಬೇಕು, ಶೋನಲ್ಲಿ ರಸೀದಿ ಕೊಡುವ ಡೀಲರ್ ಕಡಿಮೆ. ಹಾಗಾಗಿ ಮೇಜಿನಿಂದ ಏಳುವ ಮೊದಲೇ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು, ಕೊಟ್ಟ ದುಡ್ಡು, ತಾರೀಕು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.