ಶ್ರಾವಣದಲ್ಲಿ ಒಣಗಿದ ಅಡಿಕೆ

3 ವರ್ಷಗಳಲ್ಲಿ 11 ಕತೆಗಳನ್ನು ಶುರು ಮಾಡಿ ಒಂದನ್ನೂ ಮುಗಿಸಿರಲಿಲ್ಲ. ಅಡಿಕೆ ತೋಟದ ಕತೆಯೂ ಅರ್ಧಕ್ಕೆ ನಿಂತಾಗ, ನಡುವಿನ ಎರಡು ಪುಟಗಳನ್ನು ಕೃತಕ ಬುದ್ಧಿಮತ್ತೆಯಿಂದ ಬರೆಸಿದೆ. ವಾಕ್ಯಗಳು ಬೆಣ್ಣೆಯಂತಿದ್ದವು. ಸಾಗರದ ಕಡೆಯ ನನ್ನ ಚಿಕ್ಕಮ್ಮ ಓದಿ, "ಶ್ರಾವಣದ ಜಡಿಮಳೆಯಲ್ಲಿ ಅಂಗಳದಲ್ಲಿ ಅಡಿಕೆ ಒಣಗಿಸುವವರು ಯಾರೋ ಮಾರಾಯ?" ಎಂದಳು.

ದೀಪಾವಳಿ ಕಳೆದ ಮೇಲೆ ಅವಳ ಮನೆಯಲ್ಲಿ ನಾಲ್ಕು ದಿನ ಇದ್ದೆ. ಅಡಿಕೆ ಕೊಯ್ಯುವ ಕೊನೆಗೌಡ ಮರವೇರಿ ಕೊನೆ (ಅಡಿಕೆ ಗೊನೆ) ಇಳಿಸುವುದು, ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುವುದು, ಹಂಡೆಯಲ್ಲಿ ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ ಬೇಯಿಸುವುದು, ಆಮೇಲಷ್ಟೇ ಬಿಸಿಲು. ನಾನೂ ಸುಲಿದೆ, ಬೆರಳಿನ ಕಲೆ ವಾರವಾದರೂ ಹೋಗಲಿಲ್ಲ. ಯಂತ್ರದ ಪುಟಗಳಲ್ಲಿ ಆ ಕಲೆ ಇರಲಿಲ್ಲ. ಹರಿದು ಹಾಕಿದೆ.

ಉಳಿದ ರೋಗ ಸೋಮಾರಿತನ. ಬೆಳಿಗ್ಗೆ 5.30ರಿಂದ 6.15ರವರೆಗೆ ಮೊಬೈಲ್ ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ, ನಾನು ನೋಟ್‌ಪುಸ್ತಕದ ಮುಂದೆ. ದಿನಕ್ಕೊಂದು ಪುಟ. ಎಷ್ಟೇ ಕೆಟ್ಟದಾಗಿ ಬಂದರೂ ಹರಿಯುವಂತಿಲ್ಲ, ತಿದ್ದುವುದು ಭಾನುವಾರ ಮಾತ್ರ. (ಮೊದಲ ದಿನ ಪುಟದ ತುಂಬ 'ನಿದ್ದೆ ಬರುತ್ತಿದೆ' ಎಂದೇ ಬರೆದಿದ್ದೆ.) ತಿದ್ದುವಾಗ ಗಟ್ಟಿಯಾಗಿ ಓದುತ್ತೇನೆ. ನಾಲಿಗೆ ಎಡವಿದ ಕಡೆ ಬಹುಮಟ್ಟಿಗೆ ನಾನು ಕಾಣದ್ದನ್ನು ಕಂಡವನಂತೆ ಬರೆದಿರುತ್ತೇನೆ. ಆಗ ಒಂದೋ ಹೋಗಿ ನೋಡಿಬರಬೇಕು, ಇಲ್ಲವೇ ಆ ಸಾಲನ್ನು ಹೊಡೆದುಹಾಕಬೇಕು.

ಕತೆ 47 ದಿನಗಳಲ್ಲಿ ಮುಗಿಯಿತು. ಈ ಸಲ ಚಿಕ್ಕಮ್ಮ ತಕರಾರು ತೆಗೆದದ್ದು ನಾಯಕಿಯ ಸೀರೆಯ ಬಣ್ಣದ ಬಗ್ಗೆ ಮಾತ್ರ.